ಯಾರೂ ಬಾರದಂಥ ಹೋಟೆಲ್

ದಾವಣಗೆರೆ ಕಡೆಯಿಂದ ಬರುವ ಬಸ್ಸುಗಳೆಲ್ಲ ಬೆಂಗಳೂರಿಗೆ ಕಾಲಿಡುವುದು ತುಮಕೂರು ರಸ್ತೆಯಿಂದ. ನಮ್ಮ ಬಾಡಿಗೆ ಮನೆ ಇದ್ದದ್ದು ಅದೇ ರಸ್ತೆಯಿಂದ ಸ್ವಲ್ಪ ಒಳಗೆ, ಪೀಣ್ಯದಲ್ಲಿ. ಇಷ್ಟು ಹೇಳಿದರೆ ನಮ್ಮ ಕಡೆಯ ಹೆಂಗಸರಿಗೆ ನನ್ನ ಕಷ್ಟ ಅರ್ಥವಾಗಿಬಿಡುತ್ತದೆ. ಉಳಿದವರಿಗೆ ಬಿಡಿಸಿ ಹೇಳಬೇಕು.

ರಾತ್ರಿ ಬಸ್ಸು ಹತ್ತಿದ ನೆಂಟರು ಮಾಕಳಿ ದಾಟಿದ್ದೇ ಕಣ್ಣುಜ್ಜಿಕೊಂಡು ಏಳುತ್ತಿದ್ದರು. ಮೆಜೆಸ್ಟಿಕ್ಕಿನವರೆಗೆ ಹೋಗುವ ಗೋಜೇ ಬೇಡವೆಂದು ಕಂಡಕ್ಟರಿಗೆ ಹೇಳಿ ಜಾಲಹಳ್ಳಿ ಕ್ರಾಸಿನಲ್ಲೇ ಚೀಲ ಇಳಿಸಿಕೊಳ್ಳುತ್ತಿದ್ದರು. ಬೆಳಕು ಹರಿಯುವ ಹೊತ್ತಿಗೆ ನಮ್ಮ ಬಾಗಿಲು ಬಡಿಯುತ್ತಿತ್ತು. ಆಸ್ಪತ್ರೆಗೆ ಬಂದವರು, ಇಂಟರ್‌ವ್ಯೂಗೆ ಬಂದವರು, ವಿಧಾನಸೌಧದಲ್ಲಿ ಯಾವುದೋ ಫೈಲಿನ ಬೆನ್ನು ಹತ್ತಿ ಬಂದವರು, ಹೆಣ್ಣು ನೋಡಲು ಬಂದವರು, ಸುಮ್ಮನೆ ಬಂದವರು. ಎಲ್ಲರಿಗೂ ಸ್ನಾನಕ್ಕೆ ಬಿಸಿನೀರು, ಲಿಂಗಪೂಜೆಗೆ ಒಂದು ಮೂಲೆ, ಆಮೇಲೆ ಉಪ್ಪಿಟ್ಟು, ಚಹಾ, ಮಧ್ಯಾಹ್ನಕ್ಕೆ ಕಟ್ಟಿಕೊಡಲು ರೊಟ್ಟಿ. ಸಂಜೆ ಅವರು ಕೆಲಸ ಆಗಲಿಲ್ಲವೆಂದು ಮುಖ ಸಣ್ಣ ಮಾಡಿಕೊಂಡು ವಾಪಸು ಬಂದರೆ ಮತ್ತೆ ಅಡುಗೆ. ಕೆಲಸ ಆಯಿತೆಂದು ಖುಷಿಯಾಗಿ ಬಂದರೆ ಅಡುಗೆಯ ಜೊತೆಗೆ ಪಾಯಸ.

ನೆಂಟರನ್ನು ಕಂಡರೆ ಆಗದ ಹೆಂಗಸು ನಾನಲ್ಲ. ಆದರೆ ಬೆಳಗಾಗೆದ್ದು ಬಾಗಿಲು ತೆಗೆಯುವಾಗ ಇವತ್ತು ಎದುರಿಗೆ ಯಾರೂ ಇರದಿದ್ದರೆ ಸಾಕಪ್ಪಾ ಅನ್ನಿಸುವಷ್ಟು ಸೋತುಹೋಗಿದ್ದೆ.

ಇದಕ್ಕೆಲ್ಲ ಮೂಲ ನಮ್ಮನೆಯವರ ಬಾಯಿ. ನಮ್ಮ ಕಡೆ ಫೋನು ಇಡುವ ಮುಂಚೆ "ಬರ್ರಿ ಮತ್ತೆ, ಮನೀಗೆ ಬರ್ರಿ" ಅನ್ನದಿದ್ದರೆ ಮಾತು ಮುಗಿದಂತೆಯೇ ಅಲ್ಲ. ಉಳಿದವರು ಅದನ್ನು ನಮಸ್ಕಾರ ಹೇಳಿದ ಹಾಗೆ ಹೇಳಿ ಮರೆಯುತ್ತಾರೆ. ನಮ್ಮನೆಯವರು ಮನಸಾರೆ ಹೇಳುತ್ತಿದ್ದರು. ಕೇಳಿಸಿಕೊಂಡವರು ಮನಸಾರೆ ಬರುತ್ತಿದ್ದರು.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮನೆಯವರು ಪೀಣ್ಯದ ಒಂದು ಮೆಷೀನ್ ಟೂಲ್ ಕಾರ್ಖಾನೆಯಲ್ಲಿ ಅಳತೆಗೆ ತಕ್ಕ ಉಪಕರಣ ಮಾಡುವ ಟೂಲ್‌ರೂಮ್ ನೋಡಿಕೊಳ್ಳುತ್ತಿದ್ದರು. ಆ ವರ್ಷ ಜರ್ಮನಿಯಿಂದ ಒಂದು ದೊಡ್ಡ ಮೆಷೀನು ಬಂತು. ಅದರ ಜೊತೆಗೆ ಅದನ್ನು ಕೂರಿಸಿಕೊಡಲು ಇಬ್ಬರು ಜರ್ಮನರೂ ಬಂದರು. ಅವರನ್ನು ಐಷಾರಾಮಿ ಹೋಟೆಲಿಗೆ ಬಿಡುವುದು, ಕರೆದುಕೊಂಡು ಬರುವುದು ನಮ್ಮನೆಯವರ ಪಾಲಿಗೆ ಬಿತ್ತು. ಮನೆಗೆ ಬಂದು ಊಟಕ್ಕೆ ಕೂತರೆ ಅದೇ ಕತೆ. ಅಲ್ಲಿ ನೆಲದ ಮೇಲೆ ಮುಖ ಕಾಣುತ್ತದಂತೆ, ಲಿಫ್ಟಿನಲ್ಲಿ ಸಂಗೀತ ಬರುತ್ತದಂತೆ, ಹಾಸಿಗೆಯನ್ನು ಬೇರೆ ಯಾರೋ ಬಂದು ಮಡಿಸುತ್ತಾರಂತೆ. ನಾನು ರೊಟ್ಟಿ ತಟ್ಟುತ್ತ ಕೇಳುತ್ತಿದ್ದೆ. ಹಾಸಿಗೆಯ ಮಾತು ಬಂದಾಗ ಮಾತ್ರ ಕೈ ನಿಧಾನವಾಗುತ್ತಿತ್ತು.

ಜರ್ಮನರು ಹೊರಟ ಮೇಲೆ ನಮ್ಮನೆಯವರು ಒಂದು ಸಂಜೆ ಬಹಳ ಗತ್ತಿನಿಂದ ಹೇಳಿದರು: "ಈ ಸಲ ಕಂಪನಿಯೋರು ಖುಷಿಯಾಗಿ ರಜೆ ಕೊಟ್ಟಾರೆ. ಮಗಳಿಗೂ ಬೇಸಿಗಿ ರಜೆ. ಎಲ್ಲಿಗಾದ್ರೂ ಹೋಗಾಣ. ಮೈಸೂರೋ, ಊಟಿಯೋ ನೀನೇ ಹೇಳು."

"ಬೆಂಗಳೂರಿಗೆ," ಅಂದೆ.

ಅವರು ನಕ್ಕರು. ಮಗಳೂ ನಕ್ಕಳು. ಆದರೆ ಪೀಣ್ಯದವರಿಗೆ ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ. ನಾವು ಮೆಜೆಸ್ಟಿಕ್ ಕಡೆ ಹೊರಟರೆ 'ಬೆಂಗಳೂರಿಗೆ ಹೋಗಿಬರ್ತೀವಿ' ಅಂತಲೇ ಅಕ್ಕಪಕ್ಕದವರಿಗೆ ಹೇಳುತ್ತಿದ್ದೆವು. ಮದುವೆಯಾಗಿ ಇಲ್ಲಿಗೆ ಬಂದು ಎಷ್ಟೋ ವರ್ಷವಾಗಿತ್ತು. ನಾನು ಕಂಡ ಬೆಂಗಳೂರೆಂದರೆ ಲಾರಿ, ಪ್ರೆಸ್ಸುಗಳ ಧಡಧಡ, ಚಪ್ಪಲಿಯ ಅಡಿಗೆ ಚುಚ್ಚಿಕೊಳ್ಳುವ ಕಬ್ಬಿಣದ ಸಿಪ್ಪೆ. ಸಂಜೆ ಸುಮ್ಮನೆ ನಾಲ್ಕು ಹೆಜ್ಜೆ ಹಾಕೋಣವೆಂದು ಹೊರಟರೆ ಶಿಫ್ಟು ಬಿಟ್ಟ ಜನರ ನಡುವೆ ಸಿಕ್ಕಿ ಗೋಡೆಗೆ ಒತ್ತಿಕೊಂಡು ನಿಲ್ಲಬೇಕಿತ್ತು.

ನನ್ನ ಬೇಡಿಕೆಯನ್ನು ಅವತ್ತೇ ಗಟ್ಟಿಯಾಗಿ ಹೇಳಿಬಿಟ್ಟೆ. ಎರಡು ದಿನ, ಊರ ನಡುವಿನ ಒಂದು ಒಳ್ಳೆಯ ಹೋಟೆಲ್. ಗೇಟು ದಾಟಿದರೆ ಕಾಲ್ನಡಿಗೆಯಲ್ಲಿ ಊರು ಸಿಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ಎರಡು ದಿನ ಯಾರೂ ಬರಬಾರದು. ನಾನು ಯಾರಿಗೂ ಒಂದು ಲೋಟ ನೀರು ಕೂಡ ಕೊಡುವುದಿಲ್ಲ.

"ಆಯ್ತು ಬಿಡು," ಅಂದರು ನಮ್ಮನೆಯವರು. ಇಷ್ಟು ಸುಲಭಕ್ಕೆ ಒಪ್ಪಿದ್ದು ನೋಡಿ ನನಗೆ ಅನುಮಾನ ಬರಬೇಕಿತ್ತು.

ಮೊದಲ ಜಗಳ ಊರ ನಡುವು ಎಲ್ಲಿ ಅನ್ನುವುದರ ಮೇಲೆ. ಅವರ ಪ್ರಕಾರ ಬೆಂಗಳೂರಿನ ಸೆಂಟರ್ ಅಂದರೆ ಮೆಜೆಸ್ಟಿಕ್. ಬಸ್ಸು, ರೈಲು ಎರಡೂ ಅಲ್ಲೇ. ಹೋಟೆಲಿನಲ್ಲಿ ಮಲಗಲು ಹೋಗುವವರಿಗೆ ಬಸ್ಸೇಕೆ ರೈಲೇಕೆ ಎಂದು ನಾನು ಕೇಳಿದೆ. ಅವರು ಟೂಲ್‌ರೂಮಿನ ಮನುಷ್ಯ. ಗೋಡೆಗೆ ಮೊಳೆ ಹೊಡೆಯಬೇಕಾದರೂ ಅಳತೆ ತೆಗೆಯುವವರು. ಬಾಯಿಮಾತಿನಲ್ಲಿ ಗೆಲ್ಲಲಾಗದೆ ನಗರದ ನಕ್ಷೆ ತಂದು ಟೇಬಲ್ಲಿನ ಮೇಲೆ ಹಾಸಿ, ಮಗಳ ಕಂಪಾಸ್ ಪೆಟ್ಟಿಗೆ ತೆಗೆದುಕೊಂಡು, ಲೇತಿಗೆ ಕಟ್ಟಿದ ಕಬ್ಬಿಣದ ತುಂಡಿಗೆ ಸೆಂಟರ್ ಹುಡುಕುವ ಹಾಗೆ ಊರಿಗೆ ಸೆಂಟರ್ ಹುಡುಕಲು ಕೂತರು. ಕಂಸ ಹಾಕಿದರು, ಗೆರೆ ಎಳೆದರು, ಅಳಿಸಿದರು. ಚುಕ್ಕಿ ಹೋಗಿ ಬಿದ್ದದ್ದು ಕಬ್ಬನ್ ಪಾರ್ಕಿನೊಳಗೆ.

"ಅಲ್ಲಿ ಬಿದಿರು ಮೆಳೆ ಇದೆ. ಅದರಡಿ ಚಾಪೆ ಹಾಸಿಕೊಂಡು ಮಲಗೋಣ," ಅಂದೆ.

ಒಂದು ಶನಿವಾರ ಮಗಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋಟೆಲುಗಳನ್ನು ಕಣ್ಣಾರೆ ನೋಡಿ ಬರಲು ಹೊರಟೆವು. ಜರ್ಮನರು ಇದ್ದ ಹೋಟೆಲು ಮೊದಲು. ಅದು ವಿಮಾನ ನಿಲ್ದಾಣದ ರಸ್ತೆಯಲ್ಲಿತ್ತು. ಒಳಗೆ ಸ್ವರ್ಗ, ನಿಜ. ಆದರೆ ಗೇಟಿನ ಹೊರಗೆ ಧೂಳು, ಉದ್ದ ಗೋಡೆ ಮತ್ತು ಲಾರಿಗಳು. ಇದನ್ನು ನೋಡಲು ಇಷ್ಟು ದೂರ ಬರಬೇಕಿತ್ತೇ, ನಮ್ಮ ಮನೆಯ ಮುಂದೆಯೇ ಇದೆಯಲ್ಲ ಎಂದು ರೇಗಿತು. ಎರಡನೆಯದು ಗಾಲ್ಫ್ ಮೈದಾನದ ಪಕ್ಕ. ಮರಗಳು, ಹೂವು, ಹುಲ್ಲು ಎಲ್ಲ ಚೆನ್ನ. ಆದರೆ ಕೋಣೆಯಿಂದ ಗೇಟಿಗೆ ಬರುವಷ್ಟರಲ್ಲಿ ಕಾಲು ನೋಯುವಷ್ಟು ದೊಡ್ಡ ತೋಟ, ಆಚೆ ಬಂದರೆ ಶ್ರೀಮಂತರ ಮನೆಗಳ ಕಾಂಪೌಂಡು. ಒಂದು ಕಡಲೆಕಾಯಿ ಗಾಡಿ ಕೂಡ ಇಲ್ಲ.

ಮೂರನೆಯದು ಎಂ.ಜಿ. ರಸ್ತೆಗೆ ಹೊಂದಿಕೊಂಡ ಒಂದು ಅಡ್ಡರಸ್ತೆಯಲ್ಲಿತ್ತು. ಅಲ್ಲಿ ಮೀಸೆ ತಿರುವಿದ ಪೇಟದ ಕಾವಲುಗಾರ ಸ್ಕೂಟರಿಗೆ ಕೈ ಅಡ್ಡ ಹಿಡಿದ. "ಟೂ ವೀಲರ್ ಹಿಂದ್ಗಡೆ ಗೇಟು ಸಾರ್." ಹಿಂದಿನ ಗೇಟಿಗೆ ಹೋದರೆ ಕೋಸಿನ ಮೂಟೆ, ಗ್ಯಾಸ್ ಸಿಲಿಂಡರು. ಅಲ್ಲಿದ್ದವನು ಮಡಿಸಿದ ನಕ್ಷೆ ಹಿಡಿದ ನಮ್ಮನೆಯವರನ್ನೂ, ರೇಷ್ಮೆ ಸೀರೆ ಉಟ್ಟ ನನ್ನನ್ನೂ ನೋಡಿ, "ಏನ್ ಡೆಲಿವರಿ ಸಾರ್?" ಅಂದ. ನಮ್ಮನೆಯವರ ಕಿವಿ ಕೆಂಪಾದವು. ನನಗೆ ನಗುವೂ ಸಿಟ್ಟೂ ಒಟ್ಟಿಗೆ ಬಂದವು.

ಒಳಗೆ ರಿಸೆಪ್ಷನ್ನಿನ ಹುಡುಗಿಯನ್ನು ನಮ್ಮನೆಯವರು ಕೇಳಿದ ಮೊದಲ ಪ್ರಶ್ನೆ, "ಸಸ್ಯಾಹಾರ ಸಿಗುತ್ತಾ?"

"ಎಲ್ಲಾ ಸಿಗುತ್ತೆ ಸಾರ್!" ಅಂದಳು ಆಕೆ, ಹೆಮ್ಮೆಯಿಂದ.

ಎಲ್ಲಾ ಸಿಗುವುದೇ ನಮ್ಮವರ ತೊಂದರೆ. ಒಂದೇ ಸೌಟು, ಒಂದೇ ಬಾಣಲಿ ಎಂದು ಅವರು ಅಲ್ಲೇ ಮುಖ ಕಿವುಚಿದರು. ನಾನು ಅವರ ತೋಳು ಹಿಡಿದು ಮುಂಬಾಗಿಲಿನ ತನಕ ಎಳೆದುಕೊಂಡು ಹೋಗಿ ಹೊರಗೆ ತೋರಿಸಿದೆ. ಮಳೆಮರಗಳ ನೆರಳು, ಪುಸ್ತಕದ ಅಂಗಡಿ, ಐಸ್‌ಕ್ರೀಮ್, ಯಾವ ಆತುರವೂ ಇಲ್ಲದೆ ನಡೆಯುತ್ತಿದ್ದ ಜನ. "ಎರಡು ದಿನ ಮೊಸರನ್ನ ತಿಂದರೆ ಯಾರೂ ಸಾಯೋದಿಲ್ಲ. ಇದೇ ಹೋಟೆಲು," ಅಂದೆ. ಅವರು ನಕ್ಷೆಯನ್ನು ಬಿಡಿಸಿ ನೋಡಿ, ತಮ್ಮ ಚುಕ್ಕಿಗೂ ಇದು ಹತ್ತಿರವೇ ಇದೆಯೆಂದು ಸಮಾಧಾನ ಮಾಡಿಕೊಂಡರು. ಕಂಪನಿಯ ರಿಯಾಯಿತಿಯಲ್ಲಿ ಕೋಣೆ ಗೊತ್ತಾಯಿತು.

ವಿಷಯ ಗುಟ್ಟಾಗಿರಬೇಕೆಂದು ಮನೆಯಲ್ಲಿ ಕಟ್ಟಪ್ಪಣೆ ಮಾಡಿದ್ದೆ. ಆದರೆ ಮಗಳ ಹೊಟ್ಟೆಯಲ್ಲಿ ಮಾತು ನಿಲ್ಲಬೇಕಲ್ಲ. ನಮ್ಮನೆಯವರ ಅಕ್ಕ ರಾಜಾಜಿನಗರದಲ್ಲಿದ್ದರು. ಅವರು ಫೋನ್ ಮಾಡಿದಾಗ ಇವಳು, ಅತ್ತೆ, ನಾವು ಸ್ವಿಮ್ಮಿಂಗ್ ಪೂಲ್ ಇರೋ ಹೋಟೆಲಿಗೆ ಹೋಗ್ತಿದೀವಿ ಎಂದು ಉಸುರಿಬಿಟ್ಟಳು. ನಮ್ಮನೆಯವರು ಫೋನು ತೆಗೆದುಕೊಂಡರು. ಮುಂದಿನದನ್ನು ನಾನು ಅಡುಗೆಮನೆಯಲ್ಲಿ ನಿಂತೇ ಕೇಳಿದೆ. ನನ್ನ ಈ ಅತ್ತಿಗೆಯ ದನಿಗೆ ಫೋನಿನ ಹಂಗಿರಲಿಲ್ಲ.

"ಒಡಹುಟ್ಟಿದ ಅಕ್ಕ ಊರಾಗೇ ಇರುವಾಗ ತಮ್ಮ ಹೋಟ್ಲಾಗೆ ಮಲಗ್ತಾನೆ ಅಂದ್ರೆ ಮಂದಿ ಏನಂತಾರೋ? ನನ್ನ ಮನಿಯಾಗೆ ನಿಂಗೇನು ಚಾಪೆ ಇಲ್ಲ ಅಂತ ಹೇಳಿದ್ನೇನು?"

ನಮ್ಮಲ್ಲಿ ಇದು ಸಣ್ಣ ಮಾತಲ್ಲ. ನೆಂಟರ ಮನೆ ಇರುವ ಊರಲ್ಲಿ ದುಡ್ಡು ಕೊಟ್ಟು ಉಳಿದುಕೊಳ್ಳುವುದೆಂದರೆ ಆ ನೆಂಟರ ಮನೆಯ ಅನ್ನ ಬೇಡವೆಂದು ಊರಿಗೆಲ್ಲ ಸಾರಿದ ಹಾಗೆ. ನಮ್ಮನೆಯವರು ಹಂಗಲ್ಲಕ್ಕ, ಹಿಂಗಲ್ಲಕ್ಕ ಎಂದು ತಡವರಿಸಿದರು. ಅಕ್ಕ ಅಳಲು ಶುರುಮಾಡಿದರು. ಆಗ ನನಗೆ ಬೇಡವಾದ ಮಾತು ಇವರ ಬಾಯಿಂದ ಬಂದೇಬಿಟ್ಟಿತು.

"ಅಳಬ್ಯಾಡಕ್ಕ. ನೀವೂ ಬರ್ರಿ ಅಲ್ಲಿಗೆ. ಎಲ್ರೂ ಕೂಡಿ ಕುಂತು ಉಣ್ಣಾಣ."

ಅವರು ಫೋನು ಇಟ್ಟು ತಿರುಗಿದಾಗ ನಾನು ಹಿಟ್ಟಿನ ಕೈಯಲ್ಲೇ ಎದುರು ನಿಂತಿದ್ದೆ.

"ಬಾಯಿಮಾತಿಗೆ ಅಂದೆ ಮಾರಾಯ್ತಿ," ಅಂದರು.

ನಿಮಗೆ ಬಾಯಿಮಾತು ಅನ್ನುವುದೇ ಇಲ್ಲವಲ್ಲರೀ ಎಂದು ಕೂಗಾಡಿದೆ. ಕೂಗಾಡಿ ಏನು ಪ್ರಯೋಜನ. ಕರೆದದ್ದನ್ನು ವಾಪಸು ತೆಗೆದುಕೊಳ್ಳುವ ಮಾತು ನಮ್ಮ ಭಾಷೆಯಲ್ಲಿ ಇದ್ದರೂ ನಮ್ಮ ಮನೆತನದಲ್ಲಿ ಇರಲಿಲ್ಲ.

ಹೋದದ್ದು ಮುಂದಿನ ಶನಿವಾರ ಮಧ್ಯಾಹ್ನ, ಈ ಸಲ ಆಟೋದಲ್ಲಿ, ಮುಂದಿನ ಗೇಟಿನಿಂದ. ಮೊದಲ ಕೆಲವು ಗಂಟೆ ನಾನು ಕೇಳಿಕೊಂಡದ್ದೆಲ್ಲ ಸಿಕ್ಕಿತು. ಸುಕ್ಕಿಲ್ಲದ ಬಿಳಿ ಹಾಸಿಗೆಯ ಮೇಲೆ ಅಂಗಾತ ಬಿದ್ದುಕೊಂಡು ಚಾವಣಿ ನೋಡಿದೆ. ಸಂಜೆ ಮೂವರೂ ಎಂ.ಜಿ. ರಸ್ತೆಯುದ್ದಕ್ಕೂ ನಡೆದೆವು. ಐಸ್‌ಕ್ರೀಮ್ ಕರಗಿ ಕೈಮೇಲೆ ಇಳಿದರೂ ನನಗೆ ಅವಸರವಿರಲಿಲ್ಲ. ಮನೆಯಲ್ಲಿ ಯಾರೂ ಕಾಯುತ್ತಿಲ್ಲ, ಅಕ್ಕಿ ನೆನೆ ಹಾಕಬೇಕಿಲ್ಲ, ಹಾಲಿಗೆ ಹೆಪ್ಪು ಹಾಕಬೇಕಿಲ್ಲ. ನಾನು ಅವತ್ತು ಮಗಳಿಗಿಂತ ಜೋರಾಗಿ ನಗುತ್ತಿದ್ದೆನಂತೆ. ಅವಳು ಈಗಲೂ ಹೇಳುತ್ತಾಳೆ.

ವಾಪಸು ಬಂದರೆ ಹೋಟೆಲಿನ ಲಾಬಿಯ ಮೆತ್ತನೆಯ ಸೋಫಾಗಳ ಮೇಲೆ ಅತ್ತಿಗೆ, ಅವರ ಗಂಡ, ಇಬ್ಬರು ಮಕ್ಕಳು. ಪಕ್ಕದಲ್ಲಿ ಊರಿನ ಚಿಕ್ಕಮಾವ, ಅಂದರೆ ನಮ್ಮನೆಯವರ ಚಿಕ್ಕಪ್ಪ, ಅವರ ಜೊತೆ ಊರಿನವರೇ ಇಬ್ಬರು ಹಿರಿಯರು. ಕಾಲಬುಡದಲ್ಲಿ ಚೀಲಗಳು. ಚಿಕ್ಕಮಾವ ಸೋಮವಾರದ ಯಾವುದೋ ಫೈಲಿಗಾಗಿ ಈ ಸಲ ಹಗಲು ಬಸ್ಸಿಗೆ ಬಂದವರು ಎಂದಿನಂತೆ ಜಾಲಹಳ್ಳಿ ಕ್ರಾಸಿನಲ್ಲಿ ಇಳಿದು, ನಮ್ಮ ಮನೆಗೆ ಬೀಗ ಕಂಡು, ರಾಜಾಜಿನಗರಕ್ಕೆ ಹೋಗಿ, ಅಲ್ಲಿಂದ ಅತ್ತಿಗೆಯ ಜೊತೆ ಇಲ್ಲಿಗೆ ಬಂದಿದ್ದರು.

"ಹೋಟ್ಲು ಭಾಳ ಚಲೋ ಹಿಡದೀಯಮ್ಮ," ಎಂದು ನನ್ನನ್ನೇ ಹೊಗಳಿದರು. "ಎಲ್ಲದಕ್ಕೂ ಸೆಂಟರ್ ಐತಿ. ಸೋಮವಾರ ಇಲ್ಲಿಂದ ವಿಧಾನಸೌಧಕ್ಕೆ ನಡಕೊಂತಾನೆ ಹೋಗಬಹುದು."

ಸೋಮವಾರ! ಅಂದರೆ ನಮ್ಮ ಎರಡು ದಿನವೂ ಇವರು ಇಲ್ಲೇ. ಊರ ನಡುವಿನ ಹೋಟೆಲು ಬೇಕೆಂದು ನಾನು ಹಟ ಹಿಡಿದು ಗೆದ್ದಿದ್ದೆ. ನಡುವು ಅಂದರೆ ಎಲ್ಲರಿಗೂ ಹತ್ತಿರ ಎಂಬುದು ಮಾತ್ರ ನನ್ನ ತಲೆಗೆ ಹೊಳೆದಿರಲಿಲ್ಲ. ಕಂಪಾಸಿನಲ್ಲಿ ಅಷ್ಟು ಗೆರೆ ಎಳೆದ ಮನುಷ್ಯನಿಗೂ ಹೊಳೆದಿರಲಿಲ್ಲ.

ಹೋಟೆಲಿನ ಊಟ ಯಾರಿಗೂ ಬೇಡ. ಅದೇ ಸೌಟು, ಅದೇ ಬಾಣಲಿ. ಅತ್ತಿಗೆ ಕಟ್ಟಿಕೊಂಡು ಬಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣಗಾಯಿ ಕೋಣೆಯ ಕಾರ್ಪೆಟ್ಟಿನ ಮೇಲೆ ಹಾಸಿದ ಪೇಪರಿನ ಮೇಲೆ ಬಂದವು. ಊಟವಾದ ಮೇಲೆ ಚಹಾ. ಕೋಣೆಯಲ್ಲಿ ಒಂದು ಪುಟ್ಟ ಕರೆಂಟ್ ಕೆಟಲ್ಲು, ಎರಡು ಕಪ್ಪು. ಇಬ್ಬರಿಗೆ ಕೊಡುವುದು, ಅವರು ಕುಡಿಯುವ ತನಕ ಕಾಯುವುದು, ತೊಳೆಯುವುದು, ಮತ್ತಿಬ್ಬರಿಗೆ ಕೊಡುವುದು. ಬಚ್ಚಲಿನ ಗೋಡೆಯ ತುಂಬ ಕನ್ನಡಿ. ಅಮೃತಶಿಲೆಯ ಬೇಸಿನ್ನಿನಲ್ಲಿ ಕಪ್ಪು ತಿಕ್ಕುತ್ತ ತಲೆ ಎತ್ತಿದರೆ, ಒಳ್ಳೆಯ ಸೀರೆ ಉಟ್ಟು ಸೆರಗು ಸಿಕ್ಕಿಸಿಕೊಂಡ ನಾನು ಎದುರಿಗೇ ನಿಂತಿದ್ದೆ. ಕಣ್ಣಲ್ಲಿ ನೀರು ಬಂತು. ದುಃಖಕ್ಕಲ್ಲ, ಸಿಟ್ಟಿಗೆ.

ಅಷ್ಟರಲ್ಲಿ ಕೆಳಗಿನಿಂದ ಫೋನ್ ಬಂತು. ಗೆಸ್ಟುಗಳು ಎಷ್ಟೊತ್ತಿಗೆ ಹೊರಡುತ್ತಾರೆ ಎಂದು ಬಹಳ ವಿನಯದಿಂದ ಕೇಳಿದರು. ನಮ್ಮನೆಯವರು ಚಿಕ್ಕಪ್ಪನ ಎದುರು ಮಾನ ಹೋಗಬಾರದೆಂದು ಆ ಮೂವರಿಗೆ ಪಕ್ಕದ ಕೋಣೆಯನ್ನೂ ತೆಗೆದುಕೊಂಡರು. ಅತ್ತಿಗೆಯ ಸಂಸಾರ, "ಬೆಳಿಗ್ಗೆ ಬರ್ತೀವಿ," ಎಂದು ಭರವಸೆ ಕೊಟ್ಟು ಹೊರಟಿತು.

ಬೆಳಿಗ್ಗೆ ಎದ್ದರೆ ಚಿಕ್ಕಮಾವ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ನಮ್ಮ ಬಾಗಿಲಲ್ಲಿ. "ಬಕೆಟ್ಟೇ ಇಲ್ಲಲ್ಲಮ್ಮ ಇಲ್ಲಿ. ಮನುಷ್ಯ ಮೈ ತೊಳ್ಕೊಳೋದು ಹೆಂಗೆ?" ನಮ್ಮ ಬಚ್ಚಲಲ್ಲೂ ಇರಲಿಲ್ಲ. ಮಲಗಿ ಸ್ನಾನ ಮಾಡುವ ತೊಟ್ಟಿ ಇತ್ತು, ನೆತ್ತಿಯ ಮೇಲೆ ಶವರ್ ಇತ್ತು. ಬಕೆಟ್ಟು, ತಂಬಿಗೆ ಇಲ್ಲ. ನಾನು ಹೌಸ್‌ಕೀಪಿಂಗಿಗೆ ಫೋನ್ ಮಾಡಿ ಬಕೆಟ್ ಕೇಳಿದೆ.

"ಯಾಕ್ ಮೇಡಂ, ಎಲ್ಲಾದ್ರೂ ಲೀಕ್ ಆಗ್ತಿದ್ಯಾ?" ಅಂದರು ಆ ಕಡೆಯವರು.

ಅಂತೂ ನೆಲ ಒರೆಸುವ ಒಂದು ಕೆಂಪು ಬಕೆಟ್ಟು ಬಂತು. ಅದನ್ನು ಉಜ್ಜಿ ತೊಳೆದು ಬಿಸಿನೀರು ಹಿಡಿದು ಒಬ್ಬೊಬ್ಬರಿಗೇ ಕೊಟ್ಟೆ. ನಮ್ಮ ಹಾಸಿಗೆಯ ಬಿಳಿ ಚಾದರ ಮಡಿಸಿ ಹಾಕಿಕೊಂಡು ಮೂವರೂ ಸಾಲಾಗಿ ಲಿಂಗಪೂಜೆಗೆ ಕೂತರು. ಟವೆಲ್ಲುಗಳ ಮೇಲೆ ವಿಭೂತಿಯ ಬೆರಳುಗಳು ಮೂಡಿದವು. ಅವರ ಭಕ್ತಿಯ ಮೇಲೆ ನನಗೆ ಕೋಪವಿರಲಿಲ್ಲ. ಪೂಜೆ ಮುಗಿಯುತ್ತಿದ್ದಂತೆ ಅವರು ಕಣ್ಣು ತೆರೆದು ಚಹಾದ ಕಡೆ ನೋಡುತ್ತಾರಲ್ಲ, ಅದನ್ನು ನೋಡಲಾಗಲಿಲ್ಲ.

ಅದೇ ಹೊತ್ತಿಗೆ ಅತ್ತಿಗೆಯ ಫೋನು, ಕೆಳಗಿನಿಂದ. ಪಕ್ಕದ ಮನೆಯವರು ಐಷಾರಾಮಿ ಹೋಟೆಲು ನೋಡೇ ಇಲ್ಲವಂತೆ, ಅವರನ್ನೂ ಕರೆದುಕೊಂಡು ಬಂದಿದ್ದಾರಂತೆ.

ನಾನು ಕೆಟಲ್ಲಿನ ಸ್ವಿಚ್ ಆರಿಸಿ ಚಪ್ಪಲಿ ಮೆಟ್ಟಿಕೊಂಡೆ.

"ಎಲ್ಲಿಗೆ?" ಅಂದರು ನಮ್ಮನೆಯವರು.

"ಮನೆಗೆ."

"ಯಾಕೆ? ಏನರ ಮರತು ಬಂದೀಯಾ?"

"ಇಲ್ಲ. ಅಲ್ಲಿ ಯಾರೂ ಇಲ್ಲ."

ಮಗಳು ಆಗಲೇ ಕೆಳಗಿಳಿದು, ಆಗಷ್ಟೇ ಬಂದ ಅತ್ತೆಯ ಮಕ್ಕಳ ಜೊತೆ ಪೂಲಿನಲ್ಲಿ ಕೇಕೆ ಹಾಕುತ್ತಿದ್ದಳು. ಅವಳಿಗೆ ಅಮ್ಮನ ಅಗತ್ಯವಿರಲಿಲ್ಲ. ಲಾಬಿಯಲ್ಲಿ ಅತ್ತಿಗೆ ನನ್ನ ಕಡೆ ಕೈ ಬೀಸುತ್ತಿದ್ದರು. ನಾನೂ ಕೈ ಬೀಸಿ, ಈಗ ಬಂದೆ ಅನ್ನುವ ಹಾಗೆ ಬೆರಳು ತೋರಿಸಿ, ಮುಂದಿನ ಬಾಗಿಲಿನಿಂದಲೇ ಆಚೆ ಹೊರಟುಹೋದೆ.

ಮೆಜೆಸ್ಟಿಕ್ಕಿನಲ್ಲಿ ಪೀಣ್ಯದ ಬಸ್ಸು ಖಾಲಿಯಾಗಿತ್ತು. ಭಾನುವಾರ. ಕಿಟಕಿ ಪಕ್ಕ ಕೂತೆ. ಯಶವಂತಪುರ ದಾಟುವ ಹೊತ್ತಿಗೆ ಸಿಟ್ಟು ಅರ್ಧ ಇಳಿದಿತ್ತು. ಬಸ್ಸಿಳಿದರೆ ಕಾರ್ಖಾನೆಗಳೆಲ್ಲ ಶಟರ್ ಎಳೆದುಕೊಂಡು ಮಲಗಿದ್ದವು. ಪ್ರೆಸ್ಸಿನ ಸದ್ದಿಲ್ಲದ ಪೀಣ್ಯದಲ್ಲಿ ನನ್ನ ಚಪ್ಪಲಿಯ ಸದ್ದು ನನಗೇ ಕೇಳುತ್ತಿತ್ತು. ಕೆಳಮನೆಯ ಓನರಮ್ಮ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ನನ್ನ ಮುಖ ನೋಡಿ ಜರುಗಿ ಮೆಟ್ಟಿಲಿಗೆ ದಾರಿ ಬಿಟ್ಟರು. ಮೇಲೆ ಹೋಗಿ ಒಳಗಿನಿಂದ ಚಿಲಕ ಹಾಕಿ, ನಡುಮನೆಯ ತಣ್ಣನೆಯ ನೆಲದ ಮೇಲೆ ಉದ್ದಕ್ಕೆ ಮಲಗಿಬಿಟ್ಟೆ. ಮೊಸರು ಇರಲಿಲ್ಲ, ಹಾಲು ಇರಲಿಲ್ಲ. ಯಾರಿಗೂ ಬೇಕಾಗಿಯೂ ಇರಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಕೆಳಗೆ ಯಾರದೋ ದನಿ. ನಮ್ಮ ಕಡೆಯ ಮಾತು. ನಮ್ಮನೆಯವರ ಹೆಸರು ಹಿಡಿದು, ಮನೆ ಇದೇನಾ ಎಂದು ಕೇಳುತ್ತಿದ್ದರು. ನಾನು ಉಸಿರು ಬಿಗಿಹಿಡಿದೆ.

"ಅವ್ರು ಇಲ್ಲ ಕಣಣ್ಣ, ಓಟ್ಲಿಗೆ ಓಗವ್ರೆ," ಅಂದರು ಓನರಮ್ಮ. "ಸಿಟಿ ಮದ್ಯದಾಗೇ ಐತಂತೆ. ಯಾರ್ನ ಕೇಳಿದ್ರೂ ತೋರ್ಸ್ತಾರೆ."

ಹೆಜ್ಜೆಗಳು ದೂರವಾದವು. ಆಕೆ ಮತ್ತೆ ಹುಣಸೆಹಣ್ಣು ಕುಟ್ಟುವ ಸದ್ದು ಕೇಳಿಸಿತು. ನನಗೆ ಆಕೆಯನ್ನು ತಬ್ಬಿಕೊಳ್ಳಬೇಕೆನ್ನಿಸಿತು.

ನಿದ್ದೆ ಹತ್ತುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಎತ್ತಬಾರದೆಂದುಕೊಂಡೆ, ಮಗಳ ನೆನಪಾಗಿ ಎತ್ತಿದೆ. ನಮ್ಮನೆಯವರು. ಹಿಂದೆ ಗಲಗಲ ಮಾತು, ಯಾರೋ ಜೋರಾಗಿ ನಗುವುದು, ಕಪ್ಪು ಬಸಿಯ ಸದ್ದು.

"ಮುಟ್ಟಿದೇನು? ಮನ್ಯಾಗೆ ಯಾರಾದ್ರೂ ಬಂದಾರೇನು?"

"ಯಾರೂ ಇಲ್ಲ."

"ಕಪ್ಪು ತೊಳದು ತೊಳದು ಸಾಕಾತು," ಅಂದರು. ಆಮೇಲೆ, ಬೇರೆಯವರಿಗೆ ಕೇಳದ ಹಾಗೆ ದನಿ ತಗ್ಗಿಸಿ, "ನಾನೂ ಬಂದುಬಿಡಲೇನು?" ಅಂದರು.

ಪಾಪ ಅನ್ನಿಸಿತು. ನಿಜವಾಗಿಯೂ ಅನ್ನಿಸಿತು. ನೆಲ ತಣ್ಣಗಿತ್ತು, ಮನೆ ಸದ್ದಿಲ್ಲದೆ ಇತ್ತು.

"ಬರಬ್ಯಾಡ್ರಿ," ಅಂದೆ.

ಮದುವೆಯಾಗಿ ಬಂದಾಗಿನಿಂದ ಆ ಫೋನಿನಲ್ಲಿ ನಾನು ಒಬ್ಬರಿಗೆ ಆ ಮಾತು ಹೇಳಿದ್ದು ಅದೇ ಮೊದಲು. ಅದೂ ಕಟ್ಟಿಕೊಂಡ ಗಂಡನಿಗೆ.